ದಾನವೋ, ಋಣವೋ, ಮುಯ್ಯಿಯೋ?

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಪದಗಳನ್ನು ಹಿಡಿದು ಜಗ್ಗುವುದೊಂದು ಚಟ. ಈಚೆಗೆ ನನ್ನ ಕೈಗೆ ಸಿಕ್ಕಿದ ಪದ 'ವಿಸ್ತರಣೆ'. ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳಿಗೆ ಮೂರು ಕೆಲಸವೆಂದು ಅವು ಹುಟ್ಟಿದಂದಿನಿಂದಲೂ ಹೇಳಿಕೊಂಡು ಬಂದಿದ್ದಾರೆ: ಬೋಧನೆ, ಸಂಶೋಧನೆ, ವಿಸ್ತರಣೆ. ಮೊದಲಿನ ಎರಡರ ವಿಷಯದಲ್ಲಿ ತಕರಾರು ತೆಗೆಯಬೇಕಾದುದಿಲ್ಲ. ಮೂರನೆಯದು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ವಿಸ್ತರಣೆ ಎಂದರೆ ಹರಡುವುದು, ಚಾಚುವುದು. ಚಾಚುವುದಕ್ಕೆ ಒಂದು ಮೂಲಸ್ಥಾನ ಬೇಕು. ಅದು ಹೆಬ್ಬಾಳದಲ್ಲೋ ಧಾರವಾಡದಲ್ಲೋ ಇದೆ. ಚಾಚಿದ ಕೈ ಮುಟ್ಟಬೇಕಾದ ಹಳ್ಳಿ ಎಲ್ಲೋ ದೂರದಲ್ಲಿದೆ. ವಿದ್ಯೆ ಇರುವ ಎಡೆಯಿಂದ ಇಲ್ಲದ ಎಡೆಗೆ ವಿದ್ಯೆಯು ಹೋಗಿ ತಲುಪಬೇಕು, ಕೊಳಾಯಿಯ ನೀರು ಮೇಲಿನ ತೊಟ್ಟಿಯಿಂದ ಕೆಳಗಿನ ಮನೆಗೆ ಇಳಿದು ಬರುವ ಹಾಗೆ.

ಇದರ ನೆಂಟರಿಷ್ಟರಾದ ಪದಗಳನ್ನು ನೋಡಿದರೂ ಇದೇ ಕತೆ. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಹಳ್ಳಿಗಳಿಗೆ ಹೋಗಿ ತಿಳಿಗನ್ನಡದಲ್ಲಿ ಉಪನ್ಯಾಸ ಕೊಟ್ಟು, ಅವನ್ನೇ ಪುಟ್ಟ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಹಂಚುತ್ತಿದ್ದ ಕಾಲವೊಂದಿತ್ತು. ಬಲು ಒಳ್ಳೆಯ ಕೆಲಸ. ಕನ್ನಡದ ಎಷ್ಟೋ ಜನರಿಗೆ ವಿಜ್ಞಾನದ ಮೊದಲ ಪರಿಚಯವಾದದ್ದು ಅಲ್ಲಿಯೇ. ಆದರೆ ಆ ಮಾಲೆಗೆ ಇಟ್ಟ ಹೆಸರು 'ಪ್ರಚಾರೋಪನ್ಯಾಸ'. ಆಮೇಲೆ ಬಂದದ್ದು 'ಪ್ರಸಾರಾಂಗ'. ಪ್ರಚಾರ, ಪ್ರಸಾರ, ವಿಸ್ತರಣೆ, ಎಲ್ಲದರ ಮುಖವೂ ಹೊರಗಡೆಗೇ. ಹೊರಗಿನಿಂದ ಒಳಕ್ಕೆ ಬರುವುದಕ್ಕೆ ಒಂದು ಪದವನ್ನು ನಾವು ಮಾಡಿಕೊಳ್ಳಲೇ ಇಲ್ಲ. ಈ ಗೊಣಗಾಟ ನನ್ನೊಬ್ಬನದೇ ಎಂದು ಓದುಗರು ತಿಳಿಯಬಾರದು. ಬ್ರೆಜಿಲ್ ದೇಶದ ಶಿಕ್ಷಣಚಿಂತಕ ಪಾಲೊ ಫ್ರೇರೆ, ಚಿಲಿಯ ಭೂಸುಧಾರಣೆಯ ಕಾರ್ಯಕರ್ತರ ನಡುವೆ ದುಡಿದು, 1969ರಲ್ಲಿ ಒಂದು ಸಣ್ಣ ಪುಸ್ತಕವನ್ನೇ ಈ ಪದದ ಮೇಲೆ ಬರೆದರು. ವಿಸ್ತರಣೆ ಎಂದ ಕೂಡಲೇ ಎದುರಿನ ಮನುಷ್ಯ ಬರಿಯ ಪಾತ್ರೆಯಾಗಿಬಿಡುತ್ತಾನೆ, ಬೇಕಾದದ್ದು ಸಂವಾದ ಎಂಬುದು ಅವರ ವಾದ.

ಪದದಲ್ಲೇನಿದೆ, ಕೆಲಸ ಆದರೆ ಸಾಲದೇ ಎನ್ನಬಹುದು. ಆದರೆ ಪದದ ಹಿಂದೆ ಒಂದು ಮನೋಭಾವವಿದೆ, ಆ ಮನೋಭಾವದ ಹಿಂದೆ ಒಂದು ನೈತಿಕ ಪ್ರಶ್ನೆ ಇದೆ. ಹೊಸ ತಳಿಯೊಂದು ಬಿಡುಗಡೆಯಾದಾಗ ನಾವು ಪತ್ರಿಕೆಯಲ್ಲಿ ಓದುವುದೇನು? 'ರೈತರಿಗೆ ವಿಜ್ಞಾನಿಗಳ ಕೊಡುಗೆ'. ಪಡೆದ ರೈತನಿಗೆ ಸರ್ಕಾರಿ ಕಾಗದಗಳಲ್ಲಿ 'ಫಲಾನುಭವಿ' ಎಂದು ಹೆಸರು. ಫಲವನ್ನು ಬೆಳೆಯುವವನೇ ಅವನು; ಅವನನ್ನು ಫಲ ಉಣ್ಣುವವನೆಂದು ಕರೆದವರ ಧೈರ್ಯ ದೊಡ್ಡದು! ಕೊಡುಗೆ ಎಂದರೆ ದಾನ. ವಿಶ್ವವಿದ್ಯಾನಿಲಯವು ಸುತ್ತಲಿನ ಜನಕ್ಕೆ ಮಾಡುವ ಸೇವೆ ದಾನವೇ, ಅಥವಾ ಮತ್ತೇನಾದರೂ ಆಗಿದೆಯೇ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ತೋಟಗಳ ಕಡೆ ಹೋಗುವುದು ಮೇಲು.

ಮಲೆನಾಡಿನ ಅಡಕೆಯ ಕೊಳೆರೋಗವನ್ನು ತೆಗೆದುಕೊಳ್ಳೋಣ. ಆರಿದ್ರೆ, ಪುನರ್ವಸು ಮಳೆಗಳು ಬಿಡದೆ ಹೊಯ್ಯುವ ದಿನಗಳಲ್ಲಿ ಎಳೆಯ ಕಾಯಿಗಳ ಮೇಲೆ ನೀರು ತುಂಬಿದಂಥ ಮಚ್ಚೆ ಮೂಡುತ್ತದೆ. ಬಿಳಿಯ ಬೂಷ್ಟು ಹಿಡಿಯುತ್ತದೆ. ಕಾಯಿಗಳು ಉದುರಿ ಮರದ ಬುಡದಲ್ಲಿ ರಾಶಿ ಬೀಳುತ್ತವೆ. ಒಂದು ವರ್ಷದ ಅನ್ನ ಕೆಲವೇ ವಾರಗಳಲ್ಲಿ ನೆಲ ಸೇರುತ್ತದೆ. ಇದಕ್ಕೆ ಮಲೆನಾಡಿನವರು ತಾವೇ ಕಂಡುಕೊಂಡಿದ್ದ ಉಪಾಯ ಕೊಟ್ಟೆ ಕಟ್ಟುವುದು. ಮರ ಹತ್ತಿ, ಗೊನೆಯ ಮೇಲೆ ಮಳೆ ಬೀಳದ ಹಾಗೆ ಅಡಕೆಯ ಹಾಳೆಯದೇ ಟೊಪ್ಪಿಗೆಯನ್ನು ತೊಡಿಸುವ ಕೆಲಸ ಅದು. ರೋಗಕ್ಕೆ ಕಾರಣವಾದ ಜೀವಿ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಗೊನೆ ನೆನೆಯದಿದ್ದರೆ ಕೊಳೆಯದು ಎಂಬುದು ಗೊತ್ತಿತ್ತು.

1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಕೆನಡ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಬಂದರು. ಮೈಸೂರಿನಲ್ಲಿ ವಿಶ್ವವಿದ್ಯಾನಿಲಯ ಇನ್ನೂ ಹುಟ್ಟಿರಲಿಲ್ಲ; ಇಂಥ ಸಂಶೋಧನೆ ಆಗ ಸರ್ಕಾರದ ಪಾಲಿಗಿತ್ತು. ಕೋಲ್ಮನ್ ಅವರು ಈ ರೋಗದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅವರು ಸೂಚಿಸಿದ ಔಷಧ ಬೋರ್ಡೋ ದ್ರಾವಣ: ಮೈಲುತುತ್ತು, ಸುಣ್ಣ, ನೀರು. ಮಲೆನಾಡಿನ ಮಳೆಗೆ ಅದು ತೊಳೆದುಹೋಗದಂತೆ ರಾಳ ಸೋಡದ ಅಂಟನ್ನು ಸೇರಿಸಿದರು. ಇಂದಿಗೂ ಮುಂಗಾರು ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ, ಕೊನೆಗಾರ ಮರವೇರಿ ಹೊಡೆಯುವ ಔಷಧ ಅದೇ. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ತುತ್ತು, ಸುಣ್ಣ. ಇದು ದಾನವೆನ್ನಬಹುದಾದ ಕೆಲಸ ಎಂದು ಯಾರಿಗಾದರೂ ತೋರೀತು.

ಆದರೆ ಬೋರ್ಡೋ ದ್ರಾವಣ ಎಲ್ಲಿಂದ ಬಂತು? ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿತೋಟಗಳಿಂದ. ಅಲ್ಲಿಯ ತೋಟಗಾರರಿಗೆ ದಾರಿಹೋಕರ ಕಾಟ. ದಾರಿಯ ಬದಿಯ ಬಳ್ಳಿಗಳಿಂದ ಹಣ್ಣು ಕಿತ್ತುಕೊಂಡು ಹೋಗುತ್ತಿದ್ದರು. ತೋಟದವರು ತುತ್ತು ಸುಣ್ಣಗಳನ್ನು ಕದಡಿ ಆ ಬಳ್ಳಿಗಳ ಮೇಲೆ ಎರಚುತ್ತಿದ್ದರು. ನೀಲಿಯ ಬಣ್ಣ ಕಂಡು ವಿಷವೆಂದು ಹೆದರಿ ಕಳ್ಳರು ದೂರವಿರಲಿ ಎಂದು, ಅಷ್ಟೆ. 1882ರಲ್ಲಿ ಬೋರ್ಡೋ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ ಆ ದಾರಿಯಲ್ಲಿ ನಡೆದು ಹೋಗುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬೂಷ್ಟು ರೋಗ ಬಡಿದು ತೋಟವೆಲ್ಲ ಎಲೆ ಉದುರಿಸಿ ನಿಂತಿದೆ. ದಾರಿಯ ಅಂಚಿನ ಬಳ್ಳಿಗಳು ಮಾತ್ರ ಹಸಿರಾಗಿವೆ. ಏಕೆ ಎಂದು ತೋಟದ ಮೇಲ್ವಿಚಾರಕನನ್ನು ಕೇಳಿದರು. ಆತ ಇದ್ದದ್ದನ್ನು ಹೇಳಿದ. ಮಿಲಾರ್ಡೆ ರಸಾಯನಶಾಸ್ತ್ರಜ್ಞ ಗೆಯೋನರ ಜೊತೆ ಸೇರಿ ಪರೀಕ್ಷೆ ನಡೆಸಿ 1885ರಲ್ಲಿ ಪ್ರಕಟಿಸಿದರು.

ಬೋರ್ಡೋದ ಕಳ್ಳರಿಗೆ ನಮ್ಮ ತೀರ್ಥಹಳ್ಳಿಯವರು ಕೃತಜ್ಞರಾಗಿರಬೇಕು ಎಂದರೆ ನಗು ಬರುತ್ತದೆ. ಆದರೂ ಈ ಹಾದಿಯನ್ನು ನೋಡಿ. ತೋಟದವನ ಉಪಾಯ ಪ್ರಾಧ್ಯಾಪಕನ ಕಣ್ಣಿಗೆ ಬಿತ್ತು. ಪ್ರಾಧ್ಯಾಪಕ ಅದನ್ನು ವಿದ್ಯೆಯಾಗಿ ಮಾಡಿದ. ವಿದ್ಯೆ ಪುಸ್ತಕವಾಗಿ ಸಮುದ್ರ ದಾಟಿತು. ಕೋಲ್ಮನ್ ಅದನ್ನು ಮಲೆನಾಡಿನ ಮಳೆಗೆ ಹೊಂದಿಸಿದರು. ಕೊನೆಗೆ ಅದು ಮತ್ತೊಬ್ಬ ತೋಟದವನ ಕೈ ಸೇರಿತು. ವಿಶ್ವವಿದ್ಯಾನಿಲಯ ಇಲ್ಲಿ ಬಾವಿಯಲ್ಲ, ಕಾಲುವೆ. ಕಾಲುವೆ ಇಲ್ಲದಿದ್ದರೆ ನೀರು ಬರುತ್ತಿರಲಿಲ್ಲ ಎಂಬುದು ಸತ್ಯ. ನೀರು ಕಾಲುವೆಯದಲ್ಲ ಎಂಬುದೂ ಅಷ್ಟೇ ಸತ್ಯ.

ಇನ್ನೊಂದು ಸ್ವಾರಸ್ಯ, ಭಾಷೆಯವನಾದ್ದರಿಂದ ಹೇಳದೆ ಇರಲಾರೆ. ನಮ್ಮವರು ಕಾಫಿಗೆ ಬರುವ ಒಂದು ರೋಗಕ್ಕೂ ಕೊಳೆರೋಗವೆಂದೇ ಕರೆಯುತ್ತಿದ್ದರು. ಅದರ ಶಿಲೀಂಧ್ರ ಬೇರೆ. 1876ರಲ್ಲಿ ಇಂಗ್ಲೆಂಡಿನ ಕುಕ್ ಎಂಬ ವಿಜ್ಞಾನಿ ಅದಕ್ಕೆ ಲ್ಯಾಟಿನ್ ಹೆಸರಿಟ್ಟಾಗ ಇಟ್ಟದ್ದು 'ಪೆಲ್ಲಿಕ್ಯುಲೇರಿಯ ಕೊಳೆರೋಗ' ಎಂದು! ಯಾವನೋ ಮಲೆನಾಡಿನ ಆಳು ನೋಡಿ, ಮೂಸಿ, ಇಟ್ಟ ಹೆಸರು ಜಗತ್ತಿನ ವಿಜ್ಞಾನದ ಗ್ರಂಥಗಳನ್ನು ಸೇರಿತು. ಹೆಸರಿಟ್ಟವನ ಹೆಸರು ಸೇರಲಿಲ್ಲ.

ಹಾಗಾದರೆ ವಿಶ್ವವಿದ್ಯಾನಿಲಯದ ಸೇವೆಯನ್ನು ದಾನವೆನ್ನುವುದಕ್ಕಿಂತ ಋಣಸಂದಾಯ ಎನ್ನುವುದು ಹೆಚ್ಚು ಸರಿಯಲ್ಲವೇ? ನಮ್ಮ ಹಿರಿಯರು ಮನುಷ್ಯ ಹುಟ್ಟುತ್ತಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದರು: ದೇವಋಣ, ಋಷಿಋಣ, ಪಿತೃಋಣ. ಶತಪಥ ಬ್ರಾಹ್ಮಣದಲ್ಲಿ ನಾಲ್ಕನೆಯದೂ ಒಂದಿದೆ, ಮನುಷ್ಯಋಣ. ಋಷಿಋಣವನ್ನು ಅಧ್ಯಯನದಿಂದ ತೀರಿಸಬೇಕು, ಪಡೆದ ವಿದ್ಯೆಯನ್ನು ಕೆಡದಂತೆ ಕಾಪಾಡಬೇಕು. ಸರಿ, ಕೃಷಿವಿಜ್ಞಾನಿಗೆ ಋಷಿ ಯಾರು? ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರದಲ್ಲಿ ದುಡಿದ ಲಕ್ಷ್ಮಣಯ್ಯನವರ ವಿಷಯವನ್ನು ಓದುಗರಲ್ಲಿ ಹಲವರು ಬಲ್ಲರು. ಜನ ಅವರನ್ನು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು. ರಾಗಿಯ ಹೂವು ಬಲು ಚಿಕ್ಕದು, ತನ್ನ ಪರಾಗವನ್ನು ತಾನೇ ಬಳಸಿಕೊಂಡು ಕಾಳು ಕಟ್ಟುವಂಥದು. ಎರಡು ಜಾತಿಯ ರಾಗಿಗಳನ್ನು ಕೂಡಿಸುವುದು ಕಣ್ಣು ಬೆರಳು ಎರಡನ್ನೂ ಸವೆಸುವ ಕೆಲಸ. ಅವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ನಂಟು ಬೆಳೆಸಿದರು. ಇಂಡಿಯ, ಆಫ್ರಿಕ ಎರಡೂ ಸೇರಿ 'ಇಂಡಾಫ್' ಎಂಬ ಹೆಸರಾಯಿತು. 1970ರ ದಶಕದಲ್ಲಿ ಆ ತಳಿಗಳು ಹಳೆ ಮೈಸೂರಿನ ಹೊಲಗಳಿಗೆ ಬಂದಾಗ ಇಳುವರಿ ಹೇಗೆ ಏರಿತೆಂಬುದನ್ನು ತುಮಕೂರು, ಕೋಲಾರದ ಹಿರಿಯ ಒಕ್ಕಲಿಗರು ಈಗಲೂ ನೆನೆಯುತ್ತಾರೆ.

ಅವರ ಕೀರ್ತಿಯಲ್ಲಿ ಒಂದು ಎಳೆಯನ್ನೂ ನಾನು ಕಿತ್ತುಕೊಳ್ಳಲಾರೆ. ಆ ಕೆಲಸವನ್ನು ಯಾವ ಹಳ್ಳಿಯೂ ತಾನೇ ಮಾಡಿಕೊಳ್ಳುವಂತಿರಲಿಲ್ಲ. ಮಾಗಡಿಯ ರೈತ ಆಫ್ರಿಕಕ್ಕೆ ಹೋಗಿ ತೆನೆ ತರುವುದು ಎಲ್ಲಿ ಬಂತು? ಆದರೆ ಅವರ ಕೈಗೆ ಬಂದ ಎರಡು ರಾಗಿಗಳೂ ಕಾಡಿನ ಹುಲ್ಲಾಗಿರಲಿಲ್ಲ. ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿ ಹುಟ್ಟಿ, ಸಾವಿರಾರು ವರ್ಷಗಳ ಹಿಂದೆ ಇತ್ತ ಬಂದ ಈ ಬೆಳೆಯನ್ನು, ಸುಗ್ಗಿಸುಗ್ಗಿಗೂ ಗಟ್ಟಿ ತೆನೆಯನ್ನು ಆರಿಸಿ ಬೇರೆ ಕಟ್ಟಿಟ್ಟು, ಬೂದಿ ಬೇವಿನಸೊಪ್ಪು ಹಾಕಿ, ಬರಗಾಲದಲ್ಲೂ ಬೀಜದ ಗಡಿಗೆಗೆ ಕೈ ಹಾಕದೆ ಉಳಿಸಿದವರು ಯಾರು? ಹೆಸರಿಲ್ಲದ ಗಂಡಸರು, ಅದಕ್ಕಿಂತ ಹೆಚ್ಚಾಗಿ ಹೆಸರಿಲ್ಲದ ಹೆಂಗಸರು. ಕೃಷಿವಿಜ್ಞಾನದ ಋಷಿಗಳು ಅವರು. ಮೇಟಿವಿದ್ಯೆಯನ್ನು ಹೊಗಳುವ ಸರ್ವಜ್ಞನ ತ್ರಿಪದಿ ಇಲ್ಲದೆ ನಮ್ಮಲ್ಲಿ ಒಂದು ಕೃಷಿ ಸಮಾರಂಭವೂ ಮುಗಿಯುವುದಿಲ್ಲ. ಆತ ಅದನ್ನು 'ವಿದ್ಯೆ' ಎಂದು ಕರೆದ ಎಂಬುದನ್ನು ಮಾತ್ರ ಭಾಷಣಕಾರರು ಗಮನಿಸಿದಂತೆ ಕಾಣುವುದಿಲ್ಲ.

ದಾನಕ್ಕೂ ಋಣಕ್ಕೂ ಇರುವ ಅಂತರ ಮಾತಿನದಲ್ಲ. ದಾನಿಗೆ ಸ್ವಾತಂತ್ರ್ಯವುಂಟು: ಯಾರಿಗೆ, ಎಷ್ಟು, ಯಾವಾಗ ಎಂಬುದು ಅವನ ಇಷ್ಟ. ಪಡೆದವನು ಕೈಮುಗಿಯಬೇಕು, ಸಿಕ್ಕಿದ್ದು ಹುಳುಕಾಗಿದ್ದರೂ ಸುಮ್ಮನಿರಬೇಕು. ಸಾಲಗಾರನಿಗೆ ಈ ಯಾವ ಸೌಕರ್ಯವೂ ಇಲ್ಲ. ಅವನು ಕೊಟ್ಟವನ ಹೆಸರು ಹೇಳಬೇಕು, ಲೆಕ್ಕ ಒಪ್ಪಿಸಬೇಕು, ಹೊನ್ನು ತಂದವನು ಹುಣಿಸೆಬೀಜ ಹಿಂದಿರುಗಿಸಿ ಸಾಲ ತೀರಿತೆನ್ನುವಂತಿಲ್ಲ. ಪ್ರಬಂಧಗಳನ್ನು ಇಂಗ್ಲಿಷಿನಲ್ಲಿ ಬರೆದು, ಪರದೇಶದ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಅದರ ಬಲದಿಂದ ಬಡ್ತಿ ಪಡೆದು, ವರ್ಷಕ್ಕೊಮ್ಮೆ ಕೃಷಿಮೇಳದ ಮಳಿಗೆಯಲ್ಲಿ ಒಂದು ಕರಪತ್ರವನ್ನು ಕೊಟ್ಟರೆ ದಾನದ ಲೆಕ್ಕಕ್ಕೆ ಅದು ಧಾರಾಳ. ಋಣದ ಲೆಕ್ಕಕ್ಕೆ ಬಡ್ಡಿಗೂ ಸಾಲದು.

ಈ ಋಣವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ನಾಂದೇಡ್ ಎಂಬ ಹಳ್ಳಿಯಲ್ಲಿ ದಾದಾಜಿ ಖೋಬ್ರಾಗಡೆ ಎಂಬ ಸಣ್ಣ ಹಿಡುವಳಿದಾರರಿದ್ದರು. ಮೂರನೆಯ ತರಗತಿಯವರೆಗಿನ ಓದು. 1983ರಲ್ಲಿ ತಮ್ಮ ಗದ್ದೆಯ 'ಪಟೇಲ್-3' ಭತ್ತದ ನಡುವೆ ಬೇರೆ ಬಗೆಯಾಗಿ ಕಂಡ ಕೆಲವು ತೆನೆಗಳನ್ನು ಅವರು ಬಿಡಿಸಿಟ್ಟುಕೊಂಡರು. ವರ್ಷ ವರ್ಷ ಬಿತ್ತಿ, ಆರಿಸಿ, ಮತ್ತೆ ಬಿತ್ತಿದರು. ಸಣ್ಣಕ್ಕಿ, ಒಳ್ಳೆಯ ಇಳುವರಿ, ರುಚಿಯಾದ ಅನ್ನ. 1990ರ ಹೊತ್ತಿಗೆ ಅದು ಮಾರುಕಟ್ಟೆಗೆ ಬಂದಾಗ ಇಟ್ಟ ಹೆಸರು ಎಚ್.ಎಂ.ಟಿ.: 1961ರಿಂದ ನಮ್ಮ ಬೆಂಗಳೂರಿನಲ್ಲಿ ತಯಾರಾಗತೊಡಗಿ, ಆ ದಿನಗಳಲ್ಲಿ ಮದುವೆಯ ಗಂಡಿಗೆಲ್ಲ ಬೇಕಾಗಿದ್ದ ಕೈಗಡಿಯಾರದ ಹೆಸರು. 1994ರಲ್ಲಿ ಅಕೋಲದ ಪಂಜಾಬರಾವ್ ಕೃಷಿ ವಿದ್ಯಾಪೀಠದವರು ಅವರಿಂದ ಬೀಜ ಒಯ್ದರು. 1998ರಲ್ಲಿ 'ಪಿಕೆವಿ-ಎಚ್.ಎಂ.ಟಿ.' ಎಂಬ ಹೆಸರಿನಲ್ಲಿ ತಳಿ ಬಿಡುಗಡೆಯಾಯಿತು. ಬೀಜದ ಹೆಸರಿಗೆ ವಿಶ್ವವಿದ್ಯಾನಿಲಯದ ಹೆಸರು ಅಂಟಿಕೊಂಡಿತು, ಕಂಡುಹಿಡಿದವರದು ಅಂಟಿಕೊಳ್ಳಲಿಲ್ಲ. ಅವರು ತಮ್ಮ ಹಕ್ಕನ್ನು ಹೇಳಿಕೊಂಡೇ ಬದುಕಿದರು. ಪ್ರಶಸ್ತಿಗಳು ಬಂದವು, 2010ರಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಅವರನ್ನು ಗ್ರಾಮೀಣ ಸಾಧಕರ ಪಟ್ಟಿಗೆ ಸೇರಿಸಿತು. ಹಣದ ಕಷ್ಟ ತಪ್ಪಲಿಲ್ಲ. 2018ರ ಜೂನಿನಲ್ಲಿ ತೀರಿಕೊಂಡರು.

ಈಗ ಒಂದು ಮಾತನ್ನು ನ್ಯಾಯವಾಗಿ ಒಪ್ಪಬೇಕು. ಬೀಜವನ್ನು ಒಯ್ದವರು ಮಾಡಿದ್ದು ಏನೂ ಇಲ್ಲ ಎನ್ನಲಾಗದು. ಬೆರಕೆಯನ್ನು ತೆಗೆದು, ಹಲವು ಕಡೆ ಬೆಳೆಸಿ ನೋಡಿ, ಗುಣ ನಿಲ್ಲುವಂತೆ ಮಾಡುವುದು ಕೆಲಸವೇ. ಇಷ್ಟೇ ಅಲ್ಲ: ದಾದಾಜಿಯವರ ಗದ್ದೆಯಲ್ಲಿದ್ದ 'ಪಟೇಲ್-3' ಯಾರದು? ಅದು ಜಬಲ್ಪುರದ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಯೊಬ್ಬರು ಬೆಳೆಸಿದ ತಳಿ! ವಿಶ್ವವಿದ್ಯಾನಿಲಯದ ಬೀಜ ರೈತನ ಗದ್ದೆಗೆ ಹೋಯಿತು. ರೈತ ಅದರಿಂದ ಹೊಸತನ್ನು ತೆಗೆದ. ಹೊಸತು ಮತ್ತೊಂದು ವಿಶ್ವವಿದ್ಯಾನಿಲಯಕ್ಕೆ ಬಂತು. ಇಲ್ಲಿ ಸಾಲಗಾರ ಯಾರು, ಸಾಹುಕಾರ ಯಾರು? ಋಣ ಎಂಬ ಮಾತೂ ಇಲ್ಲಿ ಪೂರ್ತಿ ಹೊಂದುವುದಿಲ್ಲ.

ಇದಕ್ಕೆ ಸರಿಯಾದ ಪದ ಸಂಸ್ಕೃತದಲ್ಲಿಲ್ಲ, ನಮ್ಮ ಹಳ್ಳಿಯ ಕನ್ನಡದಲ್ಲಿದೆ: ಮುಯ್ಯಿ. ಪೇಟೆಯ ನಮಗೆ ಈ ಪದ ಈಗ ಮದುವೆಯ ಮುಯ್ಯಿಯಲ್ಲಿ ಮಾತ್ರ ಉಳಿದಿದೆ. ಬೇಸಾಯದಲ್ಲಿ ಮುಯ್ಯಾಳು ಎಂದರೆ, ಇಂದು ನಿನ್ನ ಗದ್ದೆಯ ನಾಟಿಗೆ ನಾನು ಬಂದೆ, ನಾಳೆ ನನ್ನದಕ್ಕೆ ನೀನು ಬಾ. ಕೂಲಿಯಿಲ್ಲ, ಕಾಗದವಿಲ್ಲ. ಆದರೆ ಲೆಕ್ಕ ಇಲ್ಲವೆಂದು ಯಾರೂ ತಿಳಿಯಬೇಡಿ. ಯಾರ ಮನೆಯಿಂದ ಎಷ್ಟು ಆಳು ಬಂದಿತ್ತು, ಎಳೆಯ ಹುಡುಗನನ್ನು ಕಳಿಸಿ ಆಳು ಕಳಿಸಿದೆವೆಂದವರು ಯಾರು, ಎಲ್ಲ ಊರಿನ ಬಾಯಲ್ಲಿರುತ್ತದೆ. ಮುಯ್ಯಿ ತೀರಿಸದವನ ಗದ್ದೆಗೆ ಮುಂದಿನ ಸಾಲಿಗೆ ಯಾರೂ ಇಳಿಯುವುದಿಲ್ಲ. ದಾನದಲ್ಲಿರುವ ಮೇಲುಕೀಳು ಇದರಲ್ಲಿಲ್ಲ, ಸಾಲದಲ್ಲಿರುವ ತಲೆತಗ್ಗಿಸುವಿಕೆಯೂ ಇಲ್ಲ. ನಮ್ಮ ದೇಶದ ಕಾನೂನು ಕೂಡ ತಡವಾಗಿಯಾದರೂ ಈ ನ್ಯಾಯದ ಕಡೆಗೆ ಹೊರಳಿದೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ ಹೊಸ ತಳಿ ಬೆಳೆಸಿದ ರೈತನಿಗೂ ವಿಜ್ಞಾನಿಯಂತೆಯೇ ನೋಂದಣಿಯ ಹಕ್ಕುಂಟು. ದಾದಾಜಿಯವರ ಬೀಜ ಹೊರಟುಹೋದ ಏಳು ವರ್ಷಕ್ಕೆ ಅದು ಬಂತು.

ಆದರೆ ಮುಯ್ಯಿಯಲ್ಲೂ ಒಂದು ಕುಂದಿದೆ, ಹಳ್ಳಿಯವರು ಅದನ್ನು ಬಲ್ಲರು. ಗದ್ದೆ ಇರುವವನಿಗೆ ಮಾತ್ರ ಮುಯ್ಯಾಳು. ಗದ್ದೆಯೇ ಇಲ್ಲದವನು ನಿಮ್ಮ ನಾಟಿಗೆ ಬಂದರೆ ಅವನದಕ್ಕೆ ನೀವು ಹೋಗುವುದೆಲ್ಲಿಗೆ? ಅವನು ಕೂಲಿಯವನು, ಈ ವೃತ್ತದ ಹೊರಗಿನವನು. ವಿಶ್ವವಿದ್ಯಾನಿಲಯಗಳ ವಿಷಯದಲ್ಲೂ ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಇದೇ.

ಕೃಷಿ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಯಲ್ಲಿದ್ದು ಕಲಿಯಬೇಕೆಂಬ ನಿಯಮವಿದೆ. ನಮ್ಮ ಶಿಕ್ಷಣದಲ್ಲಿ ಇಷ್ಟು ಬುದ್ಧಿವಂತಿಕೆಯ ನಿಯಮ ಇನ್ನೊಂದನ್ನು ನಾನು ಕಾಣೆ. ತುಮಕೂರಿನ ಕಡೆಯ ನಮ್ಮ ಊರಿಗೂ ಒಂದು ವರ್ಷ ಹೀಗೆ ಒಂದು ತಂಡ ಬಂದಿತ್ತು. ಒಳ್ಳೆಯ ಮಕ್ಕಳು. ಗುಡಿಯ ಮುಂದಿನ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆದರು: ಕೆರೆ ನೀಲಿ, ಹೊಲ ಹಸಿರು, ಕೊಳವೆಬಾವಿಗಳಿಗೆ ಕೆಂಪು ಚುಕ್ಕೆ. ಊರ ಹಿರಿಯರು ಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದರು, ಮಕ್ಕಳು ಬರೆಯುತ್ತಿದ್ದರು. ಅಂಗಳದ ಆಚೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ನಿಂತಿದ್ದ ಒಬ್ಬ ಮುದುಕಿ ಸ್ವಲ್ಪ ಹೊತ್ತು ನೋಡಿ ಕೇಳಿದಳು:

"ಅಲ್ಲ ಕಣ್ರಪ್ಪ, ನಾವು ಹುಲ್ಲು ಕುಯ್ಯೋ ಜಾಗ ಎಲ್ಲೈತೆ ಇದ್ರಾಗೆ?"

ಅದು ನಕ್ಷೆಯಲ್ಲಿರಲಿಲ್ಲ. ಕೆರೆಯ ಹಿಂದಿನ ಗೋಮಾಳದ ಜಾಗ ಅದು. ಅಲ್ಲಿ ಕೊಳವೆಬಾವಿಯಿಲ್ಲ, ಪಹಣಿಯಲ್ಲಿ ಯಾರ ಹೆಸರೂ ಇಲ್ಲ. ಒಬ್ಬ ಹುಡುಗಿ ಎದ್ದು, "ಎಲ್ಲಿ ಬರುತ್ತೆ ಅಜ್ಜಿ, ತೋರಿಸಿ" ಎಂದಳು. ಮುದುಕಿ ಹೊರೆಯನ್ನು ಇಳಿಸಲಿಲ್ಲ. ಕಾಲಿನ ಹೆಬ್ಬೆರಳಿನಿಂದ ಒಂದು ಗೆರೆ ಎಳೆದು ಹೊರಟುಹೋದಳು. ಹುಡುಗಿ ಆ ಗೆರೆಗೂ ಹಸಿರು ತುಂಬಿದಳು. ಕುರ್ಚಿಯಲ್ಲಿದ್ದವರಲ್ಲಿ ಒಬ್ಬರು, "ಅದೆಲ್ಲ ಯಾಕೆ ಬಿಡಮ್ಮ, ನಿಮ್ಮ ಮೇಷ್ಟ್ರು ಕೇಳಿರೋದು ಬೇಸಾಯದ ವಿಷಯ" ಎಂದರು.

ಯಾರನ್ನು ಕೇಳಿದೆವೋ ಅವರ ಪ್ರಶ್ನೆಗೇ ಉತ್ತರ ಹುಟ್ಟುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದಲ್ಲಿ ಟೊಮೇಟೊ ಕೊಯ್ಯುವ ಯಂತ್ರವನ್ನು ಕಂಡುಹಿಡಿದು, ಆ ಯಂತ್ರದ ಪೆಟ್ಟಿಗೆ ಒಡೆಯದ ಗಟ್ಟಿ ಟೊಮೇಟೊವನ್ನೂ ಬೆಳೆಸಿದರು. ಬೇಸಾಯಗಾರರ ಅಗತ್ಯವನ್ನು ಕೇಳಿಯೇ ಮಾಡಿದ ಸಂಶೋಧನೆ ಅದು. 1960ರ ದಶಕದ ಆರಂಭದಲ್ಲಿ ಆ ರಾಜ್ಯದಲ್ಲಿ ಟೊಮೇಟೊ ಬೆಳೆಯುವವರು ಸುಮಾರು 4,000 ಮಂದಿ. 1973ರ ಹೊತ್ತಿಗೆ ಉಳಿದವರು ಸುಮಾರು 600. ದುಬಾರಿ ಯಂತ್ರವನ್ನು ಕೊಳ್ಳಬಲ್ಲವರು ಅಷ್ಟೇ ಜನ. ಕೊಯ್ಲಿನ ಕೂಲಿ ಕಳೆದುಕೊಂಡವರು ಸಾವಿರಾರು. 1979ರಲ್ಲಿ ಇದು ನ್ಯಾಯಾಲಯಕ್ಕೆ ಹೋಯಿತು: ಎಲ್ಲರ ತೆರಿಗೆಯ ಹಣದಿಂದ ಕೆಲವರಿಗೆ ಮಾತ್ರ ಲಾಭವಾಗುವ ಸಂಶೋಧನೆ ಮಾಡಬಹುದೇ ಎಂಬುದು ಕೂಲಿಗಾರರ ಪರವಾಗಿ ಹೂಡಿದ ದಾವೆ. ವರ್ಷಗಟ್ಟಲೆ ನಡೆದು ಕಡೆಗೆ ಮೇಲಿನ ನ್ಯಾಯಾಲಯದಲ್ಲಿ ವಿಶ್ವವಿದ್ಯಾನಿಲಯ ಗೆದ್ದಿತು. ಕಾನೂನು ಏನು ಹೇಳಿದರೂ ಪ್ರಶ್ನೆ ಸೋಲಲಿಲ್ಲ.

ಆ ದೇಶದ ಮಾತು ಇಲ್ಲಿ ಬಂದದ್ದು ಅಕಾರಣವಾಗಿ ಅಲ್ಲ. 1964ರಲ್ಲಿ ಬೆಂಗಳೂರಿನಲ್ಲಿ ನಮ್ಮ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾನಿಲಯದ ನೆರವಿತ್ತು. ಮೂರು ಕೆಲಸಗಳ ಮಾದರಿಯೇ ಅಲ್ಲಿಯದು. 1862ರ ಒಂದು ಶಾಸನದಿಂದ ಸರ್ಕಾರ ಭೂಮಿ ಕೊಟ್ಟು, ಅದರ ಹಣದಿಂದ ಜನಸಾಮಾನ್ಯರ ಕಾಲೇಜುಗಳನ್ನು ಅಲ್ಲಿ ಕಟ್ಟಿದರು. ಉದಾತ್ತ ಕಲ್ಪನೆ. ಆ ಭೂಮಿ, ಒಂದು ಕೋಟಿಗೂ ಹೆಚ್ಚು ಎಕರೆ, ಅಲ್ಲಿಯ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು. ಆ ಸಾಲದ ಮಾತನ್ನು ಅವರೂ ಈಗೀಗ ಎತ್ತುತ್ತಿದ್ದಾರೆ.

ನಮ್ಮಲ್ಲೇ ನೋಡಿದರೆ, 1972ರಲ್ಲಿ ಧಾರವಾಡದಲ್ಲಿ ಡಾಕ್ಟರ್ ಕಟರಕಿಯವರು 'ವರಲಕ್ಷ್ಮಿ' ಎಂಬ ಹತ್ತಿಯ ಸಂಕರ ತಳಿಯನ್ನು ತಂದರು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದ, ನೂಲು ನೀಳವಾದ, ಜಗತ್ತೇ ಗಮನಿಸಿದ ಸಾಧನೆ. ಆದರೆ ಸಂಕರದ ಬೀಜವನ್ನು ಮನೆಯಲ್ಲಿ ಉಳಿಸಿ ಬಿತ್ತಿದರೆ ಗುಣ ಕೆಡುತ್ತದೆ. ವರ್ಷ ವರ್ಷ ಕೊಳ್ಳಬೇಕು. ಆ ಬೀಜವನ್ನು ಉಂಟುಮಾಡಲು ಹಿಂದಿನ ಸಂಜೆ ಒಂದೊಂದು ಮೊಗ್ಗನ್ನೂ ಬಿಡಿಸಿ ಕೇಸರಗಳನ್ನು ಕಿತ್ತು, ಮರುದಿನ ಬೆಳಿಗ್ಗೆ ಒಂದೊಂದು ಹೂವಿಗೂ ಪರಾಗ ಮುಟ್ಟಿಸಬೇಕು. ಹತ್ತಿಬೀಜದ ಹೊಲಗಳಲ್ಲಿ ಈ ಕೆಲಸವನ್ನು ಮಾಡುತ್ತ ಬಂದ ಬೆರಳುಗಳು ಹೆಂಗಸರವು, ಬಹುಕಾಲ ಶಾಲೆ ಬಿಟ್ಟ ಹುಡುಗಿಯರವೂ ಕೂಡ. ಇದಕ್ಕೆ ಕಟರಕಿಯವರನ್ನು ದೂರುವುದು ಮೂರ್ಖತನ. ಆದರೆ ಆ ಬೆರಳುಗಳ ಸೌಕರ್ಯಕ್ಕಾಗಿ ಎಷ್ಟು ಸಂಶೋಧನೆ ನಡೆದಿದೆ ಎಂದು ಕೇಳುವ ಹಕ್ಕು ನಮಗಿದೆ. ಅವರಿಗೂ ವಿಶ್ವವಿದ್ಯಾನಿಲಯಕ್ಕೂ ಮುಯ್ಯಿಯ ಸಂಬಂಧವಿಲ್ಲ. ಅಲ್ಲಿ ಮಾತ್ರ ಹಳೆಯ ಋಣ ಎಂಬ ಪದವೇ ನಿಲ್ಲಬೇಕು. ಕೇಳಲು ಬಾರದ ಸಾಹುಕಾರನ ಸಾಲ ಅದು.

ವಿಜ್ಞಾನಿಗೆ ಸ್ವಾತಂತ್ರ್ಯ ಬೇಡವೇ, ರೈತ ಕೇಳಿದ್ದನ್ನಷ್ಟೇ ಸಂಶೋಧಿಸುವುದಾದರೆ ಅದು ವಿಶ್ವವಿದ್ಯಾನಿಲಯವೋ ರಿಪೇರಿ ಅಂಗಡಿಯೋ ಎಂದು ನನ್ನ ಒಬ್ಬ ಸ್ನೇಹಿತರು ಬಿಸಿಯಾಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ಹಳ್ಳಿಯವರು ಹೇಳಿದ್ದೆಲ್ಲ ವೇದವಾಕ್ಯವೆನ್ನುವ ಈಚಿನ ಭಾವುಕತೆಯೂ ನನಗೆ ಒಗ್ಗುವುದಿಲ್ಲ; ಕೊಟ್ಟೆ ಕಟ್ಟುವುದಕ್ಕಿಂತ ಬೋರ್ಡೋ ಹೊಡೆಯುವುದು ಸುಲಭವಾಯಿತು, ಅದಕ್ಕೇ ಜನ ಅದನ್ನು ಹಿಡಿದರು. ಮಿಲಾರ್ಡೆ ಕೂಡ ಯಾರೋ ಒಪ್ಪಿಸಿದ ಕೆಲಸಕ್ಕಾಗಿ ಆ ದಾರಿಯಲ್ಲಿ ಹೋಗುತ್ತಿರಲಿಲ್ಲ. ದ್ರಾಕ್ಷಿಯ ಬೇರಿಗೆ ಹತ್ತಿದ ಬೇರೊಂದು ಪೀಡೆ ಅವರ ತಲೆಯನ್ನು ತುಂಬಿತ್ತು. ಅವರ ಸ್ವಾತಂತ್ರ್ಯಕ್ಕೆ ಯಾರೂ ಅಡ್ಡಿ ಬರಲಿಲ್ಲ. ಅವರು ದಾರಿಯಲ್ಲಿ ನಡೆದು ಹೋದರು, ನಿಂತರು, ಕೇಳಿದರು, ಅಷ್ಟೆ. ನಮ್ಮ ವಿಜ್ಞಾನಿಗಳಿಗೆ ನಡೆಯುವುದಕ್ಕೂ ನಿಲ್ಲುವುದಕ್ಕೂ ಬಿಡುವು ಕೊಟ್ಟಿದ್ದೇವೆಯೇ? ಖಾಲಿ ಹುದ್ದೆ, ತುಂಬಬೇಕಾದ ನಮೂನೆ, ಎಣಿಸಬೇಕಾದ ಪ್ರಬಂಧ, ಮಂತ್ರಿಗಳ ಭೇಟಿ. ತರಬೇತಿಗೆ ಎಷ್ಟು ಜನ ಬಂದರೆಂಬುದನ್ನು ವರದಿಯಲ್ಲಿ ಬರೆಯಲು ಕೋಷ್ಟಕವಿದೆ. ತರಬೇತಿ ಕೊಡಲು ಹೋದವರು ಏನು ಕಲಿತು ಬಂದರೆಂಬುದಕ್ಕೂ ಒಂದು ಕೋಷ್ಟಕವಿದ್ದಿದ್ದರೆ ಹಲವು ಸಂಗತಿಗಳು ಬೆಳಕಿಗೆ ಬರುತ್ತಿದ್ದವೇನೋ.

ಕೆಲವು ವರ್ಷಗಳಿಂದ ಮಲೆನಾಡಿನ ಅಡಕೆಗೆ ಎಲೆಚುಕ್ಕಿ ರೋಗ ಹಬ್ಬಿದೆ. ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ, ಹೊಸನಗರದ ಕಡೆ ತೋಟಗಳನ್ನು ಕಂಡವರಿಗೆ ಹೊಟ್ಟೆ ಉರಿಯುತ್ತದೆ. ಸೋಗೆಗಳು ಸುಟ್ಟಂತೆ ಒಣಗಿ ಜೋತಾಡುತ್ತವೆ. ಈ ಸಲ ನಷ್ಟ ಒಂದು ವರ್ಷದ ಫಸಲಿನದಲ್ಲ, ಮರದ್ದೇ. ಔಷಧ ಹೊಡೆದ ತೋಟದಲ್ಲೂ ಮತ್ತೆ ಬರುತ್ತದೆ. ಮರ ಹತ್ತುವ ಕೊನೆಗಾರರೂ ಈಗ ವಿರಳ. ಅಲ್ಲಿಯ ಒಂದು ಊರಿನಲ್ಲಿ ವಿಜ್ಞಾನಿಗಳೂ ಬೆಳೆಗಾರರೂ ಸೇರಿದ್ದ ಸಭೆಗೆ, ನಂಟರ ಮನೆಗೆ ಹೋಗಿದ್ದ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಪರದೆಯ ಮೇಲೆ ಚಿತ್ರಗಳು ಬಂದವು, ಯಾವ ಔಷಧ ಎಷ್ಟು ಪ್ರಮಾಣ ಎಂಬ ಪಟ್ಟಿ ಬಂತು. ಪ್ರಶ್ನೆಗಳ ಹೊತ್ತಿನಲ್ಲಿ ಎಪ್ಪತ್ತು ದಾಟಿದ ಬೆಳೆಗಾರರೊಬ್ಬರು ಎದ್ದು ನಿಂತರು.

"ಔಷಧಿ ಯಾವುದು ಅಂತ ಆಮೇಲೆ ಹೇಳಿ ಸಾರ್. ನಮ್ಮನೆ ಕೆಳಗಿನ ತೋಟದಲ್ಲಿ ನಾಲ್ಕು ಹಳೇ ಮರಕ್ಕೆ ಚುಕ್ಕಿ ಬಂದಿಲ್ಲ. ಸುತ್ತ ಎಲ್ಲಾ ಹೋಗಿದೆ. ಆ ನಾಲ್ಕಕ್ಕೆ ಯಾಕೆ ಬಂದಿಲ್ಲ ಅಂತ ಒಂದ್ಸಲ ಬಂದು ನೋಡ್ತೀರಾ?"

ಸಭೆಯಲ್ಲಿ ಕೆಲವರು ನಕ್ಕರು. ವೇದಿಕೆಯ ತುದಿಯಲ್ಲಿದ್ದ ಒಬ್ಬ ಕಿರಿಯ ವಿಜ್ಞಾನಿ ಜೇಬಿನಿಂದ ಪುಸ್ತಕ ತೆಗೆದು, ಕೆಳಗಿಳಿದು ಬಂದು, ಅವರ ಪಕ್ಕದಲ್ಲಿ ಕುಳಿತು ಮನೆಗೆ ಹೋಗುವ ದಾರಿಯನ್ನು ಬರೆದುಕೊಳ್ಳತೊಡಗಿದರು. ಬಸ್ಸು ನಿಲ್ಲುವ ಜಾಗದಿಂದ ಎಷ್ಟು ದೂರ, ಹಳ್ಳ ದಾಟಬೇಕೇ, ಮಳೆಗಾಲದಲ್ಲಿ ಸಂಕ ಇರುತ್ತದೆಯೇ ಎಂದೆಲ್ಲ ಕೇಳುತ್ತಿದ್ದರು. ಅಷ್ಟರಲ್ಲಿ ಕಾಫಿ ಬಂತು.